ಅಮೈನೋ ಆಮ್ಲ ಎಸ್ಟರ್‌ಗಳ ಸಂಗ್ರಹ: ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಪೆಪ್ಟೈಡ್ ಸಂಶ್ಲೇಷಣೆಯಲ್ಲಿ (ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಜೋಡಿಸುವ ಕೆಲಸದಲ್ಲಿ) ತೊಡಗಿರುವ ಸಂಶೋಧನಾರ್ಥಿಗಳೆಲ್ಲರೂ ಬರುವ ಸೋಮವಾರ ಬೆಳಿಗ್ಗೆ 10 ಗಂಟೆಗೆ ಪ್ರಯೋಗಾಲಯಕ್ಕೆ ಬಂದು, ಫ್ರಿಜ್‌ನಲ್ಲಿರುವ ತಮ್ಮ ಸೀಸೆಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಫಿನೈಲ್‌ಅಲನಿನ್ ಮೀಥೈಲ್ ಎಸ್ಟರನ್ನು ಮುಕ್ತ ಅಮೈನ್ ರೂಪದಲ್ಲಿ ಇಟ್ಟರೆ, ಅದರ ಎರಡೆರಡು ಅಣುಗಳು ಮೆಥನಾಲ್ ಕಳೆದುಕೊಂಡು ಡೈಕೀಟೋಪಿಪರಜೀನ್ ಎಂಬ ಉಂಗುರವಾಗುವುದರಿಂದ, ಅದನ್ನು ಹೈಡ್ರೋಕ್ಲೋರೈಡ್ ಲವಣವಾಗಿಯೇ ಕಾಯ್ದಿರಿಸಿ, ಜೋಡಣೆಗೆ ಸ್ವಲ್ಪ ಮುಂಚೆಯಷ್ಟೇ ಪ್ರತ್ಯಾಮ್ಲದಿಂದ ಮುಕ್ತಗೊಳಿಸಿ. ಎಣ್ಣೆಯಂತಿದ್ದ ಎಸ್ಟರ್‌ನಲ್ಲಿ ಬಿಳಿಯ ಘನ ಕಾಣಿಸಿಕೊಂಡಿದ್ದರೆ ಅದು ಈ ಉಂಗುರವೇ ಇರಬಹುದು, ಟಿಎಲ್‌ಸಿ (ತೆಳುಪದರ ವರ್ಣರೇಖನ ಎಂಬ ಶುದ್ಧತೆಯ ಪರೀಕ್ಷೆ) ನೋಡದೆ ಬಳಸಬೇಡಿ.

ಅಮೈನ್ ಗುಂಪನ್ನು ತಾತ್ಕಾಲಿಕವಾಗಿ ರಕ್ಷಿಸಲು ಬಳಸುವ ಬಾಕ್ ಅನ್‌ಹೈಡ್ರೈಡ್ ಸುಮಾರು 23 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅದನ್ನು ತಣ್ಣಗಿಡಿ. ಅದರ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬರುವ ಕಾರಣ ಫ್ಲಾಸ್ಕನ್ನು ಎಂದಿಗೂ ಬಿಗಿಯಾಗಿ ಮುಚ್ಚಬಾರದೆಂಬುದು ನನ್ನ ಕಳಕಳಿಯ ವಿನಂತಿ, ಏಕೆಂದರೆ ಗಾಜು ಸಿಡಿದರೆ ಆಗುವ ಅಪಾಯ ಸಣ್ಣದಲ್ಲ.

ಬರಲಾಗದವರು ಭಾನುವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಿ, ತಮ್ಮ ಸೀಸೆಗಳನ್ನು ನೋಡಿಕೊಳ್ಳುವವರ ಹೆಸರನ್ನು ತಿಳಿಸಿ.