ದಿರೆ ದಾವಾ ಹುಡುಗಿ, ಮಂಗಳೂರಿನ ಸೊಳ್ಳೆ

ಗೆಳೆಯಾ,

ಹೆಂಗಿದೀಯೋ? ಅಲ್ಲಿ ಮಳೆ ನಿಂತಿರ್ಬೇಕು, ಆದ್ರೂ ಮಂಗಳೂರಲ್ಲಿ ಮನೆ ಮನೆ ಹತ್ತಿ ಮಲೇರಿಯಾ ಸೊಳ್ಳೆ ಮರಿ ಹುಡುಕೋ ನಿನ್ನ ಟ್ಯಾಂಕ್ ಸರ್ವೆ ಮುಗಿದಿರಲ್ಲ ಅಂತ ಗೊತ್ತು. ನಾನು ಕೇಪ್‌ಟೌನ್ ಹತ್ರದ ಮ್ಯೂಜೆನ್‌ಬರ್ಗಲ್ಲಿ ಮೂರು ವಾರದ ಪಾಠ ಮುಗಿಸಿ ನಾಳೆ ಹೊರಡ್ತೀನಿ, ಹೊರಡೋ ಮುಂಚೆ ನಿನಗೊಂದು ಕೆಲಸ ಹಚ್ಬೇಕು.

ಇದು ಆಫ್ರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಮ್ಯಾಥಮ್ಯಾಟಿಕಲ್ ಸೈನ್ಸಸ್, ಇಲ್ಲೆಲ್ಲ ಏಮ್ಸ್ ಅಂತಾರೆ. 2003ರಲ್ಲಿ ನೀಲ್ ಟ್ಯೂರಾಕ್ ಅನ್ನೋ ಭೌತವಿಜ್ಞಾನಿ ಸಮುದ್ರದ ಪಕ್ಕದ ಒಂದು ಹಳೇ ಹೋಟೆಲ್ ಬಿಲ್ಡಿಂಗಲ್ಲಿ ಶುರು ಮಾಡಿದ್ದು, ಈಗ ಸೆನೆಗಲ್, ಘಾನಾ, ಕ್ಯಾಮರೂನ್, ರುವಾಂಡಾದಲ್ಲೂ ಇದೆ. ಓದೋರು, ಓದ್ಸೋರು ಎಲ್ಲ ಒಂದೇ ಸೂರಿನಡಿ, ಒಂದೇ ಊಟದ ಹಾಲ್, ಹಂಗಾಗಿ ಕ್ಲಾಸ್ ಮುಗೀತು ಅನ್ನೋ ಮಾತೇ ಇಲ್ಲ. ಬೆನಿನ್, ಕಾಂಗೋದಿಂದ ಫ್ರೆಂಚಲ್ಲಿ ಡಿಗ್ರಿ ಮುಗಿಸಿ ಬಂದೋರು ಮೊದಲ ವಾರ ಇಂಗ್ಲಿಷಲ್ಲಿ ಬಾಯಿ ಬಿಡೋಕೇ ಹಿಂಜರೀತಿದ್ರು, ನನಗೆ ನಮ್ಮ ಬಿಎಸ್ಸಿ ಫಸ್ಟ್ ಇಯರ್ ಕಣ್ಮುಂದೆ ಬಂತು, ಉತ್ತರ ಗೊತ್ತಿದ್ರೂ ಇಬ್ರೂ ತಲೆ ತಗ್ಗಿಸ್ಕೊಂಡು ಕೂತಿರ್ತಿದ್ವಲ್ಲ.

ಈಗ ಕೇಳು. ಇಲ್ಲೊಬ್ಬಳು ಇಥಿಯೋಪಿಯಾದ ಹುಡುಗಿ ಇದಾಳೆ, ದಿರೆ ದಾವಾ ಅವಳೂರು. 2022ರಲ್ಲಿ ಆ ಊರಲ್ಲಿ ಒಣ ಹವೆ ಇರೋವಾಗ್ಲೇ ಮಲೇರಿಯಾ ಎದ್ದುಬಿಡ್ತು, ಹಾಸ್ಟೆಲ್ ಹುಡುಗ್ರನ್ನೂ ಬಿಡ್ಲಿಲ್ಲ. ಮಳೆ ಇಲ್ಲ, ಹೊಂಡ ಇಲ್ಲ, ಸೊಳ್ಳೆ ಎಲ್ಲಿಂದ? ಅದು ನಮ್ಮ ಕಡೇದು ಕಣೋ! ಅನಾಫಿಲಿಸ್ ಸ್ಟೆಫೆನ್ಸಿ, ನೀನು ಟ್ಯಾಂಕಲ್ಲಿ, ಡ್ರಮ್ಮಲ್ಲಿ, ಕಟ್ಟಡದ ಕೆಲಸದ ನೀರಲ್ಲಿ ಹುಡುಕ್ತೀಯಲ್ಲ ಅದೇ. 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ತು, ಈಗ ಆಫ್ರಿಕಾದ ಪಟ್ಟಣಗಳಿಗೇ ಮಲೇರಿಯಾ ತಂದಿಟ್ಟಿದೆ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಊಟದ ಟೇಬಲ್ ಮೇಲೆ ಹಾಳೆ ಹರಡ್ಕೊಂಡು ಕೂತಿದ್ಲು. ರೋಗಾಣು ಸೊಳ್ಳೆ ಹೊಟ್ಟೇಲಿ ಬಲಿಯೋಕೆ ಸುಮಾರು ಹತ್ತು ದಿನ ಬೇಕು, ಅಷ್ಟು ದಿನ ಬದುಕಿದ ಸೊಳ್ಳೆ ಮಾತ್ರ ರೋಗ ಹರಡುತ್ತೆ. ದಿನಾ ಬದುಕಿ ಉಳಿಯೋ ಲೆಕ್ಕ 0.9, ಅಂದ್ರೆ ಹತ್ತರಲ್ಲಿ ಒಂಬತ್ತು, ಇದ್ರೆ ಹತ್ತು ದಿನಕ್ಕೆ ನೂರರಲ್ಲಿ 35 ಸೊಳ್ಳೆ ಉಳೀತವೆ, ಅದನ್ನ 0.8ಕ್ಕೆ ಇಳಿಸಿದ್ರೆ ಬರೀ 11. ಆ ಎರಡು ಸಂಖ್ಯೆ ಸುತ್ತ ಪೆನ್ಸಿಲಲ್ಲಿ ಎಷ್ಟು ಸಲ ವೃತ್ತ ಎಳೆದ್ಲೋ, ಹಾಳೆ ಹರಿದೇ ಹೋಗಿತ್ತು. ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ ತೋರಿಸಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಲ್ಲಿ ಡಾಕ್ಟರಾಗಿದ್ದಾಗ್ಲೇ ನಿಂತ ನೀರು ತೆಗೆದ್ರೆ ಸೊಳ್ಳೆ ಕಡಿಮೆ ಆಗುತ್ತೆ ಅಂತ ಗಮನಿಸಿದ್ದ ಅಂದೆ, ಆಮೇಲೆ ಮಲೇರಿಯಾಗೆ ಗಣಿತ ಹಚ್ಚಿದ್ದೂ ಅವನೇ ಅಂದೆ. ತಕ್ಷಣ ಕೇಳಿದ್ಲು: "ಹಂಗಾದ್ರೆ ಇಷ್ಟು ವರ್ಷ ಆದ್ಮೇಲೂ ನಿಮ್ಮೂರಲ್ಲಿ ಟ್ಯಾಂಕ್ ಯಾಕೆ ತೆರೆದೇ ಇರುತ್ತೆ?" ನನ್ನ ಹತ್ರ ಉತ್ತರ ಇರ್ಲಿಲ್ಲ, ಇರೋದು ನಿನ್ನ ಹತ್ರ.

ಅವಳಮ್ಮ ರಸ್ತೆ ಬದಿ ಕಾಫಿ ಮಾಡಿ ಮಾರ್ತಾರಂತೆ. ಪಾಸ್‌ಪೋರ್ಟಿಗೆ, ಓಡಾಟಕ್ಕೆ ಅಂತ ಕಿವಿ ಚಿನ್ನ ಮಾರಿದ್ರಂತೆ, ಅದನ್ನ ಹೇಳುವಾಗ ಹುಡುಗಿ ಹಾಳೆ ಬಿಟ್ಟು ಕಣ್ಣೆತ್ತಲಿಲ್ಲ. ನಿಮ್ಮಮ್ಮ ಓಲೆ ಅಡ ಇಟ್ಟು ನಿನ್ನ ಹಾಸ್ಟೆಲ್ ಫೀಸ್ ಕಟ್ಟಿದ್ರಲ್ಲ, ಸೊಸೈಟಿ ಮುಂದೆ ಕಾಯ್ತಾ ನಿಂತಿದ್ವಲ್ಲ, ಅದೇ ನೆನಪಾಗಿ ನನಗೂ ಮಾತು ಹೊರಡ್ಲಿಲ್ಲ. ಪಿಎಚ್‌ಡಿ ಎಲ್ಲಿ ಸಿಕ್ರೂ ಮಾಡ್ತೀನಿ, ಆದ್ರೆ ಸೊಳ್ಳೆ ಮಾತ್ರ ನಮ್ಮೂರದ್ದೇ ಅಂತಾಳೆ. ಇಂಥ ಮಕ್ಕಳನ್ನ ಪಾಪ ಅನ್ನೋ ಕಣ್ಣಲ್ಲಿ ನೋಡಿದ್ರೆ ನನಗೆ ಸಿಟ್ಟು ಬರುತ್ತೆ ಕಣೋ, ಅವಳಿಗೆ ಬೇಕಾಗಿರೋದು ಕೆಲಸ ಗೊತ್ತಿರೋ ಒಬ್ಬ ಮನುಷ್ಯ.

ಅದಕ್ಕೇ ನಿನಗೆ ಬರೀತಿರೋದು. ಒಂದು ವಾರ್ಡಲ್ಲಿ ದಿನಕ್ಕೆ ಎಷ್ಟು ಮನೆ ಹತ್ತಿ ಇಳೀತೀರಿ, ಮುಚ್ಚಳ ಹಾಕ್ಸಿದ್ರೆ ಎಷ್ಟು ದಿನ ಹಂಗೇ ಇರುತ್ತೆ, ಸೊಳ್ಳೆ ಮರಿ ತಿನ್ನೋ ಗಪ್ಪಿ ಮೀನು ಬಿಟ್ರೆ ಮನೆಯವ್ರು ಏನಂತಾರೆ, ಅವಳ ಗಣಿತದ ಮಾಡೆಲಿಗೆ ಇವೇ ಬೇಕು, ನೀನು ಎಲ್ಲೂ ಬರೆದಿಟ್ಟಿಲ್ಲ. ಭಾನುವಾರ ರಾತ್ರಿ ವಾಟ್ಸಾಪ್ ಕಾಲಿಗೆ ಸಿಗ್ತೀಯಾ? ಇಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಪ್ರಶ್ನೆ ಶುರು ಮಾಡಿದ್ಲು ಅಂದ್ರೆ ಬೇಗ ಬಿಡಲ್ಲ, ಊಟ ಮುಗಿಸ್ಕೊಂಡೇ ಕೂತ್ಕೋ.

ನಿನ್ನವ