ಕರನ್ ಕಥೆಯಲ್ಲಿ ನಾನು ನುಂಗಿಕೊಂಡದ್ದು

ಪುಟ್ಟಿ,

ಮೂಟ್ ಕೋರ್ಟಿನಲ್ಲಿ, ಅದೇ ನಿಮ್ಮ ಲಾ ಕಾಲೇಜಿನ ಅಣಕು ಕೋರ್ಟಿನಲ್ಲಿ, ನಾಲಿಗೆ ತೊದಲಿತು, ಎಲ್ಲರೂ ನಕ್ಕರು ಅಂತ ನೀನು ಫೋನಿನಲ್ಲಿ ಅತ್ತ ರಾತ್ರಿ ಜಾನ್ ಫಿಲ್ಪಾಟ್ ಕರನ್ ಕಥೆ ಹೇಳಿದ್ದೆ, ನೆನಪಿದೆ ಅಲ್ವಾ? ಐರ್ಲೆಂಡಿನ ವಕೀಲ, 1750ರಲ್ಲಿ ಕಾರ್ಕ್ ಕಡೆಯ ನ್ಯೂಮಾರ್ಕೆಟ್‌ನಲ್ಲಿ ಹುಟ್ಟಿದವನು. ಉಗ್ಗುತ್ತಿದ್ದ. ಲಂಡನ್ನಿನಲ್ಲಿ ಕಾನೂನು ಓದುವಾಗ ಒಂದು ಚರ್ಚಾಕೂಟದಲ್ಲಿ ಎದ್ದು ನಿಂತು, 'ಅಧ್ಯಕ್ಷರೇ' ಅಂದವನಿಗೆ ಮುಂದಿನ ಮಾತೇ ಹೊರಡಲಿಲ್ಲ. ಆಮೇಲೆ ಕನ್ನಡಿ ಮುಂದೆ ನಿಂತು ಷೇಕ್ಸ್‌ಪಿಯರ್ ಸಾಲು ಓದಿ ಓದಿ ನಾಲಿಗೆ ಪಳಗಿಸಿದ.

1780ರ ಕೇಸನ್ನೂ ಹೇಳಿದ್ದೆ. ಡೊನೆರೈಲ್ ಅನ್ನೋ ಧಣಿ ಒಬ್ಬ ಮುದಿ ಕ್ಯಾಥೊಲಿಕ್ ಪಾದ್ರಿಯನ್ನು ಗುಡಿಸಲಿನಿಂದ ಹೊರಗೆ ಕರೆದು ಕುದುರೆ ಚಾಟಿಯಲ್ಲಿ ಬಾರಿಸಿದ್ದ. ಅವನ ವಿರುದ್ಧ ನಿಲ್ಲೋಕೆ ಬೇರೆ ವಕೀಲರಿಗೆ ಧೈರ್ಯ ಇರಲಿಲ್ಲ. ಕರನ್ ತಾನು ಪ್ರೊಟೆಸ್ಟಂಟ್ ಆಗಿದ್ದೂ ನಿಂತ, ಪ್ರೊಟೆಸ್ಟಂಟ್ ಜ್ಯೂರಿಯಿಂದಲೇ ಪಾದ್ರಿಗೆ 30 ಗಿನಿ (ಆಗಿನ ಚಿನ್ನದ ನಾಣ್ಯ) ಪರಿಹಾರ ಕೊಡಿಸಿದ. 1783ರಲ್ಲಿ ಪಾರ್ಲಿಮೆಂಟಿಗೂ ಹೋದ. ಬ್ರಿಟಿಷ್ ಆಳ್ವಿಕೆ ವಿರುದ್ಧ ಎದ್ದ 1798ರ ಬಂಡಾಯದಲ್ಲಿ ಸಿಕ್ಕಿಬಿದ್ದ ಶಿಯರ್ಸ್ ಅಣ್ಣತಮ್ಮಂದಿರ ವಿಚಾರಣೆಯಲ್ಲಿ, ಸುಸ್ತಾಗಿದೆ, ನಾಳೆಗೆ ಮುಂದೂಡಿ ಅಂತ ಕೇಳಿಕೊಂಡರೂ ಜಡ್ಜ್ ಒಪ್ಪದೆ ಹೋದಾಗ ಮಧ್ಯರಾತ್ರಿ ಮೀರಿದ ಮೇಲೂ ಎದ್ದು ವಾದಿಸಿದ. ಇಬ್ಬರನ್ನೂ ಗಲ್ಲಿಗೇರಿಸಿದರು, ಅದು ಬೇರೆ ಮಾತು.

ಅಲ್ಲಿಗೆ ನಿಲ್ಲಿಸಿದ್ದೆ. ಬೇಕಂತಲೇ.

ಅವನಿಗೆ ಸಾರಾ ಅಂತ ಒಬ್ಬ ಮಗಳಿದ್ದಳು. ಮನೆಗೆ ಬಂದು ಹೋಗುತ್ತಿದ್ದ ರಾಬರ್ಟ್ ಎಮೆಟ್ ಜೊತೆ ಅವಳ ಮದುವೆ ಮಾತು ಗುಟ್ಟಾಗಿ ಆಗಿತ್ತು, ಅಪ್ಪನಿಗೆ ಸುಳಿವಿಲ್ಲ. 1803ರಲ್ಲಿ ಎಮೆಟ್ ಡಬ್ಲಿನ್ನಿನಲ್ಲಿ ಬಂಡಾಯ ಎದ್ದ, ಸೋತ. ತಪ್ಪಿಸಿಕೊಂಡು ದೂರ ಹೋಗಬಹುದಿತ್ತು, ಅವಳ ಮನೆ ಹತ್ತಿರವೇ ಅಡಗಿ ಕೂತು ಸಿಕ್ಕಿಬಿದ್ದ. ಜೈಲಿನಿಂದ ಅವಳಿಗೆ ಬರೆದ ಪತ್ರ ಸರ್ಕಾರದ ಕೈಗೆ ಹೋಯಿತು. ಪೊಲೀಸರು ಮನೆ ಜಾಲಾಡಲು ಬಂದಾಗ ಅಕ್ಕ ಅಮೇಲಿಯಾ ಉಳಿದ ಪತ್ರಗಳನ್ನು ಬೆಂಕಿಗೆ ಹಾಕಿದಳು.

ಎಮೆಟ್ ಪರ ವಾದಿಸಬೇಕಿದ್ದ ಕರನ್ ಕೇಸು ಬಿಟ್ಟ. ಮಗಳನ್ನೂ ಬಿಟ್ಟ. ಸೆಪ್ಟೆಂಬರ್ 20ಕ್ಕೆ ಎಮೆಟ್‌ಗೆ ಗಲ್ಲಾಯಿತು, 25 ವರ್ಷದ ಹುಡುಗ. ಕರನ್‌ಗೆ ಭಯ ಇತ್ತು, ಇಲ್ಲ ಅನ್ನಲ್ಲ. ಬಂಡುಕೋರರ ಪರ ವಾದಿಸುವವನ ಮಗಳ ಹೆಸರೇ ಬಂಡುಕೋರನ ಪತ್ರದಲ್ಲಿ ಸಿಕ್ಕರೆ ಸರ್ಕಾರ ಸುಮ್ನೆ ಬಿಡುತ್ತಾ? ಆದರೆ ಬರೀ ಭಯ ಅಂದರೆ ನಾನು ನಂಬಲ್ಲ. ತನಗೆ ಹೇಳಲಿಲ್ಲವಲ್ಲ ಅನ್ನೋ ಸಿಟ್ಟೇ ಜಾಸ್ತಿ ಇರಬೇಕು. ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು.

ಸಾರಾ ಕಾರ್ಕ್‌ನಲ್ಲಿ ಬೇರೆಯವರ ಮನೆ ಸೇರಿದಳು, ಒಬ್ಬ ಸೈನ್ಯಾಧಿಕಾರಿಯನ್ನು ಮದುವೆಯಾದಳು, 1808ರಲ್ಲಿ ಕ್ಷಯದಿಂದ ತೀರಿಕೊಂಡಳು. ಅಷ್ಟರಲ್ಲಿ ಕರನ್ ದೊಡ್ಡ ಜಡ್ಜ್ ಆಗಿದ್ದ. ಚಿಕ್ಕಂದಿನಲ್ಲೇ ಸತ್ತ ಸಾರಾಳ ಅಕ್ಕ ಗರ್ಟ್ರೂಡ್‌ಳನ್ನು ಮನೆ ತೋಟದಲ್ಲೇ ಹೂಳಿದ್ದರು. ತನ್ನನ್ನೂ ಅವಳ ಪಕ್ಕ ಮಲಗಿಸಿ ಅಂತ ಸಾರಾ ಕೇಳಿಕೊಂಡಿದ್ದಳು, ಅಪ್ಪ ಒಪ್ಪಲಿಲ್ಲ ಅಂತಾರೆ. ಅವಳ ಸಮಾಧಿ ಇರೋದು ನ್ಯೂಮಾರ್ಕೆಟ್‌ನಲ್ಲಿ.

ಹೋದ ದೀಪಾವಳಿಗೆ ನೀನು ಆ ಹುಡುಗನ ಹೆಸರು ಹೇಳಿದಾಗ ನಾನು ಅನ್ನ ಕಲಸಿದ ಕೈಯಲ್ಲೇ ಎದ್ದು ಹೋದೆ. 'ಅಪ್ಪಾ, ಅ... ಅಪ್ಪಾ' ಅಂತ ನಿನ್ನ ಮಾತು ಸಿಕ್ಕಿಕೊಂಡಿದ್ದು ಹಿತ್ತಲಿನ ನಲ್ಲಿ ಹತ್ತಿರ ನಿಂತಿದ್ದ ನನಗೆ ಕೇಳಿಸಿತು. ತಿರುಗಲಿಲ್ಲ. ಕೈ ತೊಳೆಯುತ್ತಲೇ ಇದ್ದೆ.

ಯುಗಾದಿಗೆ ಇಬ್ಬರೂ ಬನ್ನಿ. ನಮ್ಮ ಮನೆ ಸಾರು ಅವನಿಗೆ ಖಾರ ಆಗುತ್ತಾ ಅಂತ ಅಮ್ಮ ಕೇಳ್ತಿದ್ದಾಳೆ.

ಅಪ್ಪ