ಕೇರಳ ಅಂತ ಒತ್ತಿದ್ರೆ ಕನ್ನಡದ ಕೆಲಸ ಕಾಣುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್ ನಮ್ಮ ಮನೆಗೆ ಅಜ್ಜನ ಕಾಲದಿಂದ ಬರ್ತಾ ಉಂಟು, ಆದ್ರೆ ನಾನು ಪತ್ರ ಬರೆಯುದು ಇದೇ ಮೊದಲು. ಕಳೆದ ವಾರ ಬೆಂಗಳೂರಿಂದ ಒಂದು ಫೋನ್ ಬಂತು, ಅದು ಬಂದ ಮೇಲೆ ಎರಡು ದಿನ ಬೇರೆ ಎಂತ ಮಾಡ್ಲಿಕ್ಕೂ ಮನಸ್ಸು ಬರ್ಲಿಲ್ಲ, ಅದಕ್ಕೆ ಇದನ್ನು ಬರೀತಾ ಇದ್ದೇನೆ.

ಒಂದು ಕಂಪೆನಿಗೆ ಕನ್ನಡದಲ್ಲಿ ಕಸ್ಟಮರ್ ಹತ್ರ ಮಾತಾಡುವವರು ಬೇಕು ಅಂತ ಆನ್‌ಲೈನಲ್ಲಿ ಇತ್ತು, ಅರ್ಜಿ ಹಾಕಿದ್ದೆ. ಫೋನ್ ಮಾಡಿದ ಎಚ್‌ಆರ್ ಮೇಡಂ ಇಂಗ್ಲಿಷಲ್ಲಿ ಶುರು ಮಾಡಿದ್ರು, ನೀವು ಕೇರಳದವರಲ್ವಾ, ನಿಮ್ಮ ಪ್ರೊಫೈಲನ್ನು ಮಲಯಾಳಂನಲ್ಲಿ ಮಾತಾಡುವವರ ಪ್ರೋಸೆಸ್‌ಗೆ ಹಾಕ್ತೇನೆ ಅಂದ್ರು. ಇಲ್ಲ ಮೇಡಂ, ನಾನು ಅರ್ಜಿ ಹಾಕಿದ್ದು ಕನ್ನಡಕ್ಕೆ, ಒಂದನೇ ಕ್ಲಾಸಿಂದ ಹತ್ತನೇ ವರೆಗೆ ಕಲಿತದ್ದೇ ಕನ್ನಡ ಮೀಡಿಯಂನಲ್ಲಿ ಅಂದೆ. ಆಮೇಲೆ ಅವರೂ ಕನ್ನಡಕ್ಕೆ ಬಂದ್ರು, ಐದು ನಿಮಿಷ ಒಳ್ಳೆ ರೀತಿಯಲ್ಲಿ ಮಾತಾಡಿದ್ವಿ. ಕೊನೆಗೆ ಕೇಳಿದ್ರು, "ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆಯಲ್ಲ, ಎಲ್ಲಿ ಕಲಿತ್ರಿ?" ಅಂತ. ಮನೆಯಲ್ಲಿ ಮೇಡಂ ಅಂದೆ. ಆದ್ರೂ ಆಗ್ಲಿಲ್ಲ. ಕನ್ನಡದ ಪೋಸ್ಟಿಗೆ ಕರ್ನಾಟಕದ ಕ್ಯಾಂಡಿಡೇಟ್ ಮಾತ್ರ ಅಂತ ಸಿಸ್ಟಮಲ್ಲೇ ಸೆಟ್ ಮಾಡಿ ಇಟ್ಟಿದ್ದಾರಂತೆ, ಅವರ ಕೈಯಲ್ಲಿ ಎಂತದ್ದೂ ಇಲ್ವಂತೆ. ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ, ಅವರಾದ್ರೂ ಫೋನ್ ಮಾಡಿದ್ರು.

ನಮ್ಮ ಊರು ಪೆರ್ಲದ ಹತ್ರ, ಎಣ್ಮಕಜೆ ಪಂಚಾಯತು. ಅಡ್ಕಸ್ಥಳ ದಾಟಿದ್ರೆ ಕರ್ನಾಟಕ, ನಮಗೆ ಕಾಸರಗೋಡಿಗಿಂತ ವಿಟ್ಲವೇ ಹತ್ತಿರ. ಮನೆಯಲ್ಲಿ ಕನ್ನಡ, ಅಂಗಳ ದಾಟಿದ್ರೆ ತುಳು, ಕಾಸರಗೋಡು ಬಸ್ ಹತ್ತಿದ್ರೆ ಮಲಯಾಳ, ಹೀಗೆ ಮೂರರಲ್ಲೂ ಮಾತಾಡಿ ಬೆಳೆದವರು ನಾವು. ನನ್ನ ಬಿ.ಕಾಂ ಮುಗಿಯುವ ವರ್ಷ 2020. ಆ ಮಾರ್ಚಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು ನಿಮ್ಮ ಓದುಗರಿಗೆ ಮರೆತಿರ್ಲಿಕ್ಕಿಲ್ಲ, ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕೆ ಆಗದೆ ಜನ ತೀರಿಹೋದ ದಿನ ಅದು, ಅದರ ಎದುರು ನನ್ನದೊಂದು ಇಂಟರ್‌ವ್ಯೂ ತಪ್ಪಿದ್ದು ಹೇಳುವಷ್ಟು ದೊಡ್ಡದಲ್ಲ, ಆದ್ರೆ ಆವತ್ತಿಂದ ಕೆಲಸ ಹುಡುಕುದು ಅಂದ್ರೆ ಮೊಬೈಲಲ್ಲೇ ಅಂತ ಆಗಿಹೋಯ್ತು. ನಡುವೆ ಒಬ್ಬ ಅಡಿಕೆ ವ್ಯಾಪಾರಸ್ಥರ ಹತ್ರ ಎರಡು ವರ್ಷ ಲೆಕ್ಕ ಬರೆದೆ, ಕಂಪ್ಯೂಟರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಗೊತ್ತುಂಟು, ಜಿಎಸ್‌ಟಿ ರಿಟರ್ನ್ ಹಾಕ್ತೇನೆ. ಅವರು ವ್ಯಾಪಾರ ನಿಲ್ಲಿಸಿದ್ರು, ನಾನು ಪುನಃ ಹುಡುಕ್ಲಿಕ್ಕೆ ಶುರು ಮಾಡಿದೆ.

ಒಂದು ಅರ್ಜಿ ಹಾಕುದು ಅಂದ್ರೆ ಎಷ್ಟು ಕೆಲಸ ಅಂತ ಹಿರಿಯರಿಗೆ ಗೊತ್ತಾಗುದಿಲ್ಲ, ಮೊಬೈಲ್ ಹಿಡ್ಕೊಂಡು ಕೂತಿದ್ದಾಳೆ ಅಂತ ಕಾಣ್ತದೆ ಅಷ್ಟೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಮೊದಲು ರೆಸ್ಯೂಮ್ ಅಪ್‌ಲೋಡ್ ಮಾಡ್ಬೇಕು. ಮಾಡಿದ ಮೇಲೆ ಅದರಲ್ಲಿ ಇದ್ದದ್ದನ್ನೇ ಪುನಃ ಒಂದೊಂದೇ ಕಾಲಂನಲ್ಲಿ ಟೈಪ್ ಮಾಡ್ಲಿಕ್ಕೆ ಹೇಳ್ತದೆ, ಅದಾಗಿಯೇ ತುಂಬಿಸಿದ್ರೆ ಶಾಲೆಯ ಹೆಸರು ಕಂಪೆನಿಯ ಕಾಲಂಗೆ ಹೋಗಿರ್ತದೆ, ಪಾಸಾದ ವರ್ಷ ಸಂಬಳದ ಕಾಲಂಗೆ ಹೋಗಿರ್ತದೆ, ಅದನ್ನೆಲ್ಲ ಅಳಿಸಿ ಸರಿ ಮಾಡುವಾಗ ಒಟಿಪಿ ಕೇಳ್ತದೆ. ನಮ್ಮಲ್ಲಿ ನೆಟ್‌ವರ್ಕ್ ಬೇಕಾದ್ರೆ ಮನೆ ಹಿಂದಿನ ಗುಡ್ಡೆ ಹತ್ತಬೇಕು, ಅಲ್ಲಿ ಒಂದು ಗೇರು ಮರದ ಬುಡದಲ್ಲಿ ಕೂತು ನಾನು ಅರ್ಜಿ ಹಾಕುದು, ಒಟಿಪಿ ಬರುವಷ್ಟರಲ್ಲಿ ಪೇಜಿನ ಟೈಮ್ ಮುಗಿದಿರ್ತದೆ, ಮತ್ತೆ ಮೊದಲಿಂದ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡ್ಕೊಂಡು ಹಾಕಿದ್ದೂ ಉಂಟು.

ಇದೆಲ್ಲ ಎಲ್ಲರಿಗೂ ಇರುವ ಕಷ್ಟ, ಒಪ್ತೇನೆ. ನಮಗೆ ಮಾತ್ರ ಇರುವ ಕಷ್ಟ ಪಿನ್‌ಕೋಡಿಂದ ಶುರು ಆಗುದು. 671ರಿಂದ ಶುರುವಾಗುವ ಪಿನ್ ಹಾಕಿದ ಕೂಡಲೇ ರಾಜ್ಯ ಕೇರಳ ಅಂತ ಅದೇ ತುಂಬಿಸ್ತದೆ, ಅದು ಸರಿಯೇ. ಆದ್ರೆ ಭಾಷೆಯ ಜಾಗದಲ್ಲಿ ಮಲಯಾಳಂಗೂ ಅದೇ ಟಿಕ್ ಹಾಕ್ತದೆ. ತೆಗೆದು ಕನ್ನಡ ಅಂತ ಹಾಕಿದ್ರೂ ಮರುದಿನದಿಂದ ಬರುವ ಮೆಸೇಜೆಲ್ಲ ಕೊಚ್ಚಿಯದ್ದು, ಕೋಝಿಕ್ಕೋಡಿನದ್ದು, ಮಲಯಾಳ ಓದಿ ಬರೆಯಲು ಬರುವವರಿಗೆ ಅಂತ. ನನಗೆ ಮಲಯಾಳ ಮಾತಾಡ್ಲಿಕ್ಕೆ ಏನೂ ತೊಂದ್ರೆ ಇಲ್ಲ, ಆದ್ರೆ ಆಫೀಸಿನ ಪತ್ರ ಬರೆಯುವಷ್ಟು ಬರವಣಿಗೆ ಬರುದಿಲ್ಲ, ಅದನ್ನು ಸುಳ್ಳು ಹೇಳಿ ಹಾಕ್ಲಿಕ್ಕೆ ಆಗುದಿಲ್ಲ. ತುಳು ಅಂತೂ ನಾನು ನೋಡಿದ ಯಾವ ಲಿಸ್ಟಲ್ಲೂ ಇರ್ಲಿಲ್ಲ, ಇತರೆ ಅಂತ ಒತ್ತಬೇಕು. ನಿಮ್ಮ ಹತ್ತಿರದ ಕೆಲಸಗಳು ಅಂತ ತೋರಿಸುವಲ್ಲಿ ತಿರುವನಂತಪುರ ಬರ್ತದೆ, ಅದು ನಮಗೆ 500 ಕಿಲೋಮೀಟರಿಗಿಂತ ದೂರ, ಒಂದು ರಾತ್ರಿಯ ರೈಲು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಮಂಗಳೂರು ಬರುದಿಲ್ಲ, ಯಾಕಂದ್ರೆ ಅದು ಬೇರೆ ರಾಜ್ಯ.

ನನ್ನ ಒಟ್ಟಿಗೆ ಕಲಿತವರಲ್ಲಿ ಕೆಲವರು ಮಂಗಳೂರಲ್ಲೋ ಪುತ್ತೂರಲ್ಲೋ ಇರುವ ನೆಂಟರ ಮನೆಯ ಅಡ್ರೆಸ್ ಹಾಕ್ತಾರೆ. ಹಾಕಿದ ಕೂಡಲೇ ಫೋನ್ ಬರ್ಲಿಕ್ಕೆ ಶುರು ಆಗ್ತದೆ, ಅದೇ ಮಾರ್ಕು, ಅದೇ ರೆಸ್ಯೂಮ್. ಆದ್ರೆ ಕೊನೆಗೆ ಆಧಾರ್ ಕೇಳುವಾಗ ಅದರಲ್ಲಿ ಕಾಸರಗೋಡು ಜಿಲ್ಲೆ ಅಂತ ಇರ್ತದಲ್ಲ, ಆಗ ಯಾಕೆ ಸುಳ್ಳು ಹಾಕಿದ್ದು ಅಂತ ಕೇಳಿದ್ರೆ ಎಂತ ಹೇಳುದು? ನಾನು ಹಾಕ್ಲಿಲ್ಲ, ಹಾಕುದೂ ಇಲ್ಲ. ಹುಟ್ಟಿದ ಊರನ್ನು ಅಡಗಿಸಿ ಕೆಲಸ ಕೇಳಬೇಕಾದಂಥ ತಪ್ಪು ನಾವು ಯಾರೂ ಮಾಡ್ಲಿಲ್ಲ.

ಕಳೆದ ಏಪ್ರಿಲಿನ ಬಿಸು ಹಬ್ಬದಿಂದ ಹಾಕಿದ ಅರ್ಜಿಗಳನ್ನೆಲ್ಲ ಒಂದು ಹಳೇ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೇನೆ, ಲೆಕ್ಕ ಬರೆಯುವ ಅಭ್ಯಾಸ ಉಂಟಲ್ಲ. 143 ಅರ್ಜಿ. ನಿಮ್ಮನ್ನು ತಗೊಳ್ಲಿಲ್ಲ ಅಂತ ಇಮೇಲ್ ಬಂದದ್ದು 19. ಫೋನ್ 11, ಅದರಲ್ಲಿ ಇಂಟರ್‌ವ್ಯೂ ಆದದ್ದು 3. ಉಳಿದದ್ದಕ್ಕೆ ಯಾರಾದ್ರೂ ನೋಡಿದ್ರೋ ಇಲ್ವೋ ಅಂತಲೂ ಗೊತ್ತಿಲ್ಲ. ಆಗುದಿಲ್ಲ ಅಂತ ಹೇಳಿದ್ರೆ ಬೇಜಾರಾಗ್ತದೆ ಆದ್ರೆ ಆ ಸಾಲಿನ ಮೇಲೆ ಒಂದು ಗೀಟು ಎಳೆದು ಮುಂದೆ ಹೋಗಬಹುದು, ಎಂತದೂ ಹೇಳದಿದ್ರೆ ಆ ಸಾಲು ಹಾಗೇ ಉಳೀತದೆ, ನೋಟ್‌ಬುಕ್ ತೆಗೆದಾಗೆಲ್ಲ ಕಣ್ಣಿಗೆ ಬೀಳ್ತದೆ. ಅಮ್ಮ ದಿನಾ ಸಂಜೆ ಎಂತಾಯ್ತು ಮಗಾ ಅಂತ ಕೇಳುದನ್ನು ಈಗ ಎರಡು ತಿಂಗಳಿಂದ ನಿಲ್ಲಿಸಿದ್ದಾರೆ, ಕೇಳಿದ್ರೆ ನನಗೆ ಬೇಸರ ಆಗ್ತದೆ ಅಂತ, ಅದು ನನಗೆ ಇನ್ನೂ ಕಷ್ಟ ಆಗ್ತದೆ.

ಕೆಲವು ಜಾಹೀರಾತು ಆರು ತಿಂಗಳಿಂದ ಹಾಗೇ ಉಂಟು, ಮೂರು ದಿನ ಹಿಂದೆ ಹಾಕಿದ್ದು ಅಂತ ತೋರಿಸ್ತದೆ, ಒಳಗೆ ನೋಡಿದ್ರೆ ಅದೇ ಹಳೇದು. ಸಂಬಳ ಎಷ್ಟು ಅಂತ ಹೆಚ್ಚಿನವರು ಹಾಕುದೇ ಇಲ್ಲ ಆದ್ರೆ ನಮ್ಮದು ಎಷ್ಟು ಇತ್ತು ಅಂತ ಹಾಕದಿದ್ರೆ ಅರ್ಜಿ ಮುಂದೆ ಹೋಗುದಿಲ್ಲ. ಫ್ರೆಶರ್ ಅಂತ ಮೇಲೆ ಬರೆದು ಕೆಳಗೆ ಎರಡು ವರ್ಷದ ಅನುಭವ ಅಂತ ಇರ್ತದೆ.

ಇನ್ನು ಮೋಸದ ವಿಷಯ, ಇದನ್ನು ದಯವಿಟ್ಟು ಕತ್ತರಿಸಬೇಡಿ. ನಮ್ಮ ಪಕ್ಕದ ಮನೆಯ ಹುಡುಗನೊಬ್ಬ ಪ್ಲಸ್ ಟು ಮುಗಿಸಿ ಕೆಲಸ ಹುಡುಕ್ತಾ ಇದ್ದ. ಟೆಲಿಗ್ರಾಂನಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸ ಅಂತ ಬಂತು, ಹೋಟೆಲುಗಳಿಗೆ ಐದು ಸ್ಟಾರ್ ಕೊಡುದು ಅಷ್ಟೆ. ಮೊದಲ ದಿನ ನಿಜವಾಗಿ 150 ರೂಪಾಯಿ ಅವನ ಅಕೌಂಟಿಗೆ ಬಂತು, ನಂಬಿಕೆ ಹುಟ್ಟಿಸ್ಲಿಕ್ಕೆ ಹಾಕುದೇ ಅದು. ಆಮೇಲೆ ಸಾವಿರ ಕಟ್ಟಿದ್ರೆ ಸಾವಿರದ ಮುನ್ನೂರು ಅಂದ್ರು, ಅದೂ ಬಂತು. ಮತ್ತೆ 5000, ಮತ್ತೆ 18000, ಅಲ್ಲಿಗೆ ನಿಂತಿತು, ಹಣ ಬಿಡಿಸ್ಲಿಕ್ಕೆ ಇನ್ನೂ ಕಟ್ಟಬೇಕು ಅಂದ್ರು. ಕಟ್ಟಿದ್ದು ಅವನ ಅಮ್ಮ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಿಂದ ತೆಗೆದ ಸಾಲದ ಹಣ. ಅವನು ನಾಲ್ಕು ದಿನ ಯಾರಿಗೂ ಹೇಳ್ಲಿಲ್ಲ ನಾಚಿಕೆಗೆ. ಆ ಕೂಡಲೇ ಆನ್‌ಲೈನ್ ಮೋಸದ ದೂರು ಕೊಡುವ ನಂಬರ್ 1930ಕ್ಕೆ ಫೋನ್ ಮಾಡಿದ್ದಿದ್ರೆ ಹಣ ಹೋದ ಅಕೌಂಟನ್ನು ತಡೆಹಿಡಿಯುವ ಸಾಧ್ಯತೆ ಇತ್ತು, ತಡ ಆದಷ್ಟೂ ಅದು ಬೇರೆ ಬೇರೆ ಅಕೌಂಟಿಗೆ ಹಂಚಿಹೋಗ್ತದೆ. ಹಾಗಾಗಿ ಮನೆಯವರಲ್ಲಿ ಒಂದು ಕೇಳಿಕೊಳ್ಳುದು, ಮಕ್ಕಳು ಹೀಗೆ ಸಿಕ್ಕಿಬಿದ್ರೆ ಮೊದಲು ಬೈಬೇಡಿ, ಮೊದಲು ಆ ನಂಬರಿಗೆ ಫೋನ್ ಮಾಡಿ. ಕೆಲಸ ಕೊಡುವವರು ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಹಣ ಕೇಳಿದ್ರೆ ಅಲ್ಲಿಗೇ ಬಿಟ್ಟುಬಿಡಿ. ವಿದೇಶದ್ದಾದ್ರೆ ಇನ್ನೂ ಜಾಗ್ರತೆ ಬೇಕು, ಥಾಯ್ಲೆಂಡಲ್ಲಿ ಕಂಪ್ಯೂಟರ್ ಕೆಲಸ ಅಂತ ಹೋದವರನ್ನು ಮ್ಯಾನ್ಮಾರಿಗೆ ಸಾಗಿಸಿ ಆನ್‌ಲೈನ್ ಮೋಸ ಮಾಡಿಸಿದ್ದಕ್ಕೆ ವಿದೇಶಾಂಗ ಇಲಾಖೆಯೇ 2022ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಗಲ್ಫಿಗೆ ಹೋಗಿ ಅಭ್ಯಾಸ ಇರುವ ಜಿಲ್ಲೆ ನಮ್ಮದು, ಏಜೆಂಟ್ ಅಂದ್ರೆ ಬೇಗ ನಂಬ್ತೇವೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೇನೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಬೇರೆಯೇ ಒಂದು ಅವಕಾಶ ಉಂಟು. ಅದರಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರು ಹಾಕಿದ್ದಾರೆ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದ್ದೂ ಉಂಟು, ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು ಅಂತ ಉಂಟು. ಅಂದ್ರೆ ಗಡಿಯ ಆಚೆ ಇದ್ದರೂ ಇವರು ಕನ್ನಡಿಗರು ಅಂತ ಸರಕಾರಕ್ಕೆ ಗೊತ್ತುಂಟು, ಕಲೀಲಿಕ್ಕೆ ಬನ್ನಿ ಅಂತ ಕರೀತಾರೆ. ಕಲಿತಾದ ಮೇಲೆ? 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಅಂತ ಕರ್ನಾಟಕದ ಸಂಪುಟ ಒಂದು ಮಸೂದೆ ಒಪ್ಪಿತು, ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದದ್ದರಲ್ಲಿ ಶೇ 70. ಗಲಾಟೆ ಆಗಿ ಒಂದೆರಡು ದಿನದಲ್ಲೇ ತಡೆಹಿಡಿದ್ರು. ಅದರಲ್ಲಿ ಸ್ಥಳೀಯರು ಅಂದ್ರೆ ಯಾರು ಅಂತ ಬರೆದದ್ದು ನೋಡಿ, ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ವಾಸ ಇರಬೇಕು, ಕನ್ನಡ ಮಾತಾಡ್ಲಿಕ್ಕೆ ಓದ್ಲಿಕ್ಕೆ ಬರೀಲಿಕ್ಕೆ ಬರಬೇಕು. ಮೂರನೇದು ನಮಗೆ ಚೆನ್ನಾಗಿ ಉಂಟು. ಮೊದಲಿನ ಎರಡು ನಮ್ಮ ಕೈಯಲ್ಲಿ ಇರ್ಲಿಲ್ಲ, 1956ರ ನವೆಂಬರ್ 1ಕ್ಕೆ ಭಾಷೆ ನೋಡಿ ರಾಜ್ಯಗಳ ಗೆರೆ ಎಳೆಯುವಾಗ ನನ್ನ ಅಮ್ಮನೂ ಹುಟ್ಟಿರ್ಲಿಲ್ಲ. ಸ್ಥಳೀಯರಿಗೆ ಕೆಲಸ ಸಿಕ್ಕಬೇಕು ಅನ್ನುದಕ್ಕೆ ನನ್ನ ವಿರೋಧ ಇಲ್ಲ, ಇಂಥ ಕಾನೂನು ಪುನಃ ಬರುದಾದ್ರೆ ಸಿಇಟಿಯಲ್ಲಿ ಹಾಕಿದ ಅದೇ ನಾಲ್ಕು ಸಾಲನ್ನು ಅದರಲ್ಲೂ ಹಾಕಿ ಅಂತ ಮಾತ್ರ ಕೇಳುದು.

ಕೇರಳದ ಪಿಎಸ್‌ಸಿಯಲ್ಲಿ ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಎಲ್‌ಡಿ ಕ್ಲರ್ಕ್ ಅಂತ ಸರಕಾರಿ ಗುಮಾಸ್ತ ಹುದ್ದೆ ಉಂಟು, ಅರ್ಜಿಗೆ ಫೀಸಿಲ್ಲ, ರ‍್ಯಾಂಕ್ ಲಿಸ್ಟ್ ಹೊರಗೆ ಬರ್ತದೆ, ನಾವು ಎಲ್ಲಿದ್ದೇವೆ ಅಂತ ನೋಡಬಹುದು. ಅದಕ್ಕೂ ಓದ್ತಾ ಇದ್ದೇನೆ, ಮಲಯಾಳ ಬರವಣಿಗೆಯನ್ನೂ ಪಕ್ಕದ ಮನೆಯ ಟೀಚರ್ ಹತ್ರ ಹೋಗಿ ಕಲೀತಾ ಇದ್ದೇನೆ. ಆದ್ರೆ ಅಂಥ ಹುದ್ದೆ ಯಾವಾಗಲೋ ಒಮ್ಮೆ ಕರೆಯುದು, ಅದಕ್ಕೆ ಕಾಯುವವರು ನೂರಾರು ಜನ.

ಮೊನ್ನೆ ಒಂದು ಹೊಸ ಅನುಭವ ಆಯ್ತು. ನಿಮ್ಮ ಪೇಪರಿನ ಚಿಕ್ಕ ಜಾಹೀರಾತಲ್ಲಿ ಮಂಗಳೂರಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಲೆಕ್ಕ ಬರೆಯುವವರು ಬೇಕು ಅಂತ ನಂಬರ್ ಇತ್ತು, ಮಾಡಿದೆ. ಫೋನ್ ಎತ್ತಿದ್ದು ಅಂಗಡಿಯ ಯಜಮಾನರೇ. ಟ್ಯಾಲಿ ಗೊತ್ತುಂಟಾ ಮಗಾ, ದಿನಾ ಬಂದು ಹೋಗ್ಲಿಕ್ಕೆ ಬಸ್ ಉಂಟಾ, ಸಂಬಳ ಇಷ್ಟು ಅಂತ ಎರಡು ನಿಮಿಷದಲ್ಲಿ ಹೇಳಿದ್ರು. ಆದ್ರೆ ಹಿಂದಿನ ದಿನವೇ ಯಾರನ್ನೋ ತಗೊಂಡಾಗಿತ್ತು, ತಡ ಆಯ್ತಲ್ಲ ಅಂತ ಅವರೇ ಬೇಜಾರು ಮಾಡಿಕೊಂಡ್ರು. ಗುಡ್ಡೆಯಿಂದ ಇಳಿಯುವಾಗ ನನಗೆ ಕೆಲಸ ಸಿಕ್ಕದಿದ್ರೂ ಮನಸ್ಸು ಹಗುರ ಇತ್ತು. ನೋಟ್‌ಬುಕ್ಕಲ್ಲಿ ಬರೆದು ಗೀಟು ಎಳೆದೆ.

ಆದ ಕಾರಣ ನಿಮ್ಮಲ್ಲಿ ಒಂದು ವಿನಂತಿ. ಕಾಸರಗೋಡು ಆವೃತ್ತಿಯಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ, ಮಂಗಳೂರು, ಪುತ್ತೂರು, ಕಾಸರಗೋಡು ಕಡೆ ಕನ್ನಡ ಬಲ್ಲವರಿಗೆ ಇರುವ ಕೆಲಸ, ಸಂಬಳ, ಕೊನೆಯ ದಿನ, ಫೋನ್ ನಂಬರ್, ಇಷ್ಟೇ ಸಾಕು. ಪ್ರತಿಯೊಂದಕ್ಕೂ ಮೊದಲೇ ಫೋನ್ ಮಾಡಿ, ಕೆಲಸ ಇನ್ನೂ ಉಂಟಾ, ಹಣ ಕೇಳ್ತಾರಾ, ಕಾಸರಗೋಡಿನವರನ್ನು ತಗೊಳ್ತಾರಾ ಅಂತ ವಿಚಾರಿಸಿ ಪಟ್ಟಿ ಮಾಡಿ ಕೊಡುವ ಕೆಲಸವನ್ನು ನಾನು ಸಂಬಳ ಇಲ್ಲದೆ ಮಾಡ್ತೇನೆ, ನನ್ನ ಒಟ್ಟಿಗೆ ಇನ್ನಿಬ್ಬರು ಗೆಳತಿಯರೂ ಒಪ್ಪಿದ್ದಾರೆ. ಬುಧವಾರದ ಒಳಗೆ ಮುಟ್ಟಿಸ್ತೇವೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಪೆರ್ಲ, ಕಾಸರಗೋಡು ಜಿಲ್ಲೆ